ಶಾರದಮ್ಮನ ಕ್ವಾರ್ಟರ್‌ಬ್ಯಾಕ್

ಮೈಸೂರಿನ ಸರಸ್ವತೀಪುರದಲ್ಲಿ ಇಪ್ಪತ್ತು ವರ್ಷ ಪಿಯುಸಿ ಹುಡುಗರಿಗೆ ಗಣಿತ ಹೇಳಿ, ಅವರಲ್ಲಿ ಅರ್ಧ ಜನರನ್ನು ಅಳಿಸಿದ್ದ ಶಾರದಮ್ಮನವರು ಅಮೆರಿಕದ ಆಸ್ಟಿನ್ನಿಗೆ ಬಂದ ಮೇಲೆ ಹೆದರುವುದನ್ನು ಕಲಿತರು. ಹೈವೇ ಕಂಡರೆ ಹೆದರಿಕೆ, ಪೊಲೀಸ್ ಕಾರು ಕಂಡರೆ ಹೆದರಿಕೆ. ಇಮಿಗ್ರೇಷನ್ ಆಫೀಸಿನ ಲಕೋಟೆ ಬಂದರಂತೂ ಅದನ್ನು ದೇವರ ಮುಂದಿಟ್ಟು, ಗಂಡ ಕೆಲಸದಿಂದ ಬರುವ ತನಕ ಮುಟ್ಟುತ್ತಿರಲಿಲ್ಲ. ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ. ಕೆಲಸ ಮಾಡಲು ಪರವಾನಗಿ ಮಾತ್ರ ಸಿಕ್ಕಿತ್ತು. "ಎಲ್ಲಾದ್ರೂ ಒಂದು ಕಪ್ಪು ಚುಕ್ಕೆ ಬಿತ್ತೋ, ಮುಗೀತು ಕಣೆ" ಎಂದು ಗಂಡ ನಂಜುಂಡಸ್ವಾಮಿಯವರು ದೀಪ ಹಚ್ಚಿದಷ್ಟೇ ನಿಯಮವಾಗಿ ದಿನಾ ಹೇಳುತ್ತಿದ್ದರು.

ನಾನು, ಮಧುರಾ, ಆಗ ಅವರ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದುಕೊಂಡು ಊರ ಉತ್ತರಕ್ಕಿದ್ದ ಸಣ್ಣ ಕಾಲೇಜೊಂದರಲ್ಲಿ ಎಂ.ಎಸ್. ಓದುತ್ತಿದ್ದೆ. ಬಾಡಿಗೆಗೆ ಕೋಣೆ ಮಾತ್ರ ಎಂದು ಮಾತಾಗಿತ್ತು. ಆದರೆ ಶಾರದಮ್ಮನವರ ಅಡುಗೆಮನೆ ದಾಟಿ, ಉಣ್ಣದೆ ಮೆಟ್ಟಿಲು ಹತ್ತುವುದು ಯಾರಿಂದಲೂ ಆಗದ ಮಾತು. ಪಾರ್ಸೆಲ್ ತಂದವನಿಗೆ ಕೋಡುಬಳೆ, ಹುಲ್ಲು ಕತ್ತರಿಸಲು ಬಂದ ಮೆಕ್ಸಿಕೋದವನಿಗೆ ಮಜ್ಜಿಗೆ. ಅಷ್ಟೆಲ್ಲ ಹೆದರುತ್ತಿದ್ದ ಹೆಂಗಸು ಬಡಿಸುವಾಗ ಮಾತ್ರ ಮೈಸೂರಿನ ಮೇಡಂ ಆಗಿಬಿಡುತ್ತಿದ್ದರು. ಬೇಡ ಅಂದರೆ ಗದರಿಸಿ ಹಾಕುತ್ತಿದ್ದರು.

ನಮ್ಮ ಕಾಲೇಜಿನಲ್ಲಿ ಆಟಗಾರ ಹುಡುಗರಿಗೆ ಪಾಠ ಹೇಳಿಕೊಡಲೆಂದೇ ಒಂದು ಹಾಲ್ ಇತ್ತು. ನಾನು ಅಲ್ಲಿ ಟ್ಯೂಟರ್ ಆಗಿದ್ದೆ. ಗಣಿತಕ್ಕೆ ಜನ ಸಾಲದೆ ಬಂದಾಗ ಶಾರದಮ್ಮನವರ ಹೆಸರು ಹೇಳಿದೆ. ಸೇರಿದ ದಿನ ಹಾಲ್‌ನವರು ಅವರನ್ನು ಕೂರಿಸಿ ನಿಯಮಗಳನ್ನು ಹೇಳಿದರು: ಆಟಗಾರರಿಗೆ ನಾವು ಯಾವ ಕೊಡುಗೆಯನ್ನೂ ಕೊಡಕೂಡದು, ಕೊಟ್ಟರೆ ಅವರನ್ನು ಆಟದಿಂದ ಹೊರಗಿಡುತ್ತಾರೆ. ಶಾರದಮ್ಮನವರು ಜೋರಾಗಿ ತಲೆಯಾಡಿಸಿದರು. ಹುಡುಗರಿಗೆ ದುಡ್ಡು ಕೊಡುವುದೇ, ಶಿವ ಶಿವಾ!

ಅಲ್ಲಿ ಅವರ ಪಾಲಿಗೆ ಬಂದವನು ಟ್ರೆವರ್, ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್. ಆ ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಚೆಂಡು ಮೊದಲು ಇವನ ಕೈಗೆ ಬರುತ್ತದೆ, ದೂರ ಓಡುವ ಜೊತೆಗಾರನಿಗೆ ಇವನು ಎಸೆಯಬೇಕು. ಎದುರಾಳಿಗಳು ಇವನನ್ನು ಕೆಡವಲು ಬರುತ್ತಾರೆ. ಅವರನ್ನು ತಡೆಯಲು ಇವನ ಮುಂದೆ ಐದು ಜನ ದಾಂಡಿಗರು ಗೋಡೆಯಾಗಿ ನಿಂತಿರುತ್ತಾರೆ. ಗೆದ್ದರೆ ಕ್ವಾರ್ಟರ್‌ಬ್ಯಾಕ್‌ಗೆ ಹಾರ, ಸೋತರೆ ಅವನಿಗೇ ಉಗುಳು.

ಅದು 2003ರ ಇಸವಿ, ತಂಡ ಸೋಲುತ್ತಲೇ ಇತ್ತು. ಕ್ವಾರ್ಟರ್‌ಬ್ಯಾಕ್‌ನನ್ನು ಬದಲಿಸಿ ಎಂದು ಪೇಪರಿನವರು ಬರೆದರು. ಬದಲಿಗೆ ಕೈಲ್ ಎಂಬ ಮೊದಲ ವರ್ಷದ ಹುಡುಗನನ್ನು ಇಳಿಸುವುದಾಗಿ ಕೋಚ್ ಕೂಡ ಗುಡುಗಿದ. ಜಾಗ ಹೋದರೆ ಟ್ರೆವರ್‌ನ ಸ್ಕಾಲರ್‌ಶಿಪ್ ಮುಂದಿನ ವರ್ಷಕ್ಕಿಲ್ಲ, ಸ್ಕಾಲರ್‌ಶಿಪ್ ಇಲ್ಲದಿದ್ದರೆ ಓದೂ ಇಲ್ಲ. ಸ್ಟಾಟಿಸ್ಟಿಕ್ಸ್ ತರಗತಿಯ ಪ್ರಾಜೆಕ್ಟಿಗೆ ಅವನು ಆರಿಸಿಕೊಂಡ ವಿಷಯವೂ ಇದೇ. ಸೋಲುತ್ತಿರುವುದು ನಾನೋ, ನನ್ನ ತಂಡವೋ?

ಶಾರದಮ್ಮನವರಿಗೆ ಫುಟ್‌ಬಾಲ್ ಗೊತ್ತಿರಲಿಲ್ಲ, ಕ್ರಿಕೆಟ್ ಗೊತ್ತಿತ್ತು. ಒಳ್ಳೆಯ ಎಸೆತವನ್ನು ಜೊತೆಗಾರ ಕೈಚೆಲ್ಲಿದರೂ ಅದು ಟ್ರೆವರ್‌ನ ಲೆಕ್ಕಕ್ಕೇ ಬೀಳುತ್ತದೆಂದು ತಿಳಿದಾಗ ಅವರ ಸಿಟ್ಟು ನೋಡಬೇಕಿತ್ತು.

"ಇದ್ಯಾವ ನ್ಯಾಯನಮ್ಮ? ಕ್ಯಾಚ್ ಬಿಟ್ಟೋನು ಅಲ್ಲಿ ಹಾಯಾಗಿ ನಿಂತಿರ್ತಾನೆ, ಬೈಸ್ಕೊಳ್ಳೋದು ಇವನಾ?"

ಹಾಲ್‌ಗೆ ಭಾನುವಾರ ಬೀಗ. ಹಾಗಾಗಿ ಆಟಗಳ ವಿಡಿಯೊ ಟೇಪುಗಳನ್ನು ಹಿಡಿದುಕೊಂಡು ಟ್ರೆವರ್ ಭಾನುವಾರ ಮನೆಗೇ ಬರತೊಡಗಿದ. ಮನೆಗೆ ಬಂದ ಮೇಲೆ ಕೇಳಬೇಕೆ? ಚಿತ್ರಾನ್ನ, ಹಪ್ಪಳ, ಮೊಸರನ್ನ. ಆ ಆರಡಿ ಹುಡುಗ ಸೋಫಾದ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು ಉಣ್ಣುವುದು, ಶಾರದಮ್ಮನವರು ಟೇಪನ್ನು ಹಿಂದೆ ಮುಂದೆ ಓಡಿಸುವುದು. ಗೋಡೆಯ ಎಡತುದಿಯ ದಾಂಡಿಗ ಬಗ್ಗಿ ಕೂತ ಭಂಗಿಯಿಂದ ಪ್ರತಿಸಲವೂ ತಡವಾಗಿ ಏಳುತ್ತಿದ್ದ. ಅವನನ್ನು ತಪ್ಪಿಸಿಕೊಂಡು ಬಂದ ಎದುರಾಳಿ ಟ್ರೆವರ್‌ಗೆ ಬೆನ್ನ ಹಿಂದಿನಿಂದ ಗುದ್ದುತ್ತಿದ್ದ. ಆಗೆಲ್ಲ ಶಾರದಮ್ಮನವರು ಸೌಟು ಹಿಡಿದ ಕೈಯಲ್ಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

"ನಿನಗೆ ಹೆದರಿಕೆ ಆಗಲ್ವೇನೋ?" ಎಂದು ಒಂದು ದಿನ ಇಂಗ್ಲಿಷಿನಲ್ಲಿ ಕೇಳಿದರು.

"ಪ್ರತಿಸಲವೂ ಆಗುತ್ತೆ ಮ್ಯಾಮ್" ಎಂದ ಟ್ರೆವರ್. "ಆದರೆ ಹಾಗಂತ ಯಾರಿಗೂ ಹೇಳೋ ಹಾಗಿಲ್ಲ."

ಅಷ್ಟಾದರೂ ಪ್ರಾಜೆಕ್ಟ್ ಒಂದು ಕಡೆ ಸಿಕ್ಕಿಕೊಂಡಿತು. ಟ್ರೆವರ್ ಎಲ್ಲ ಆಟಗಳನ್ನೂ ತಾನೇ ಆಡಿದ್ದ. "ಇವನಿಲ್ಲದೆ ಆ ತಂಡ ಹೇಗಿರುತ್ತೆ ಅಂತ ಯಾರಿಗೂ ಗೊತ್ತಿಲ್ವಲ್ಲ ಮಧುರಾ. ಸಾರು ಕೆಟ್ಟಿದ್ದು ಬೇಳೆಯಿಂದಲೋ ಪುಡಿಯಿಂದಲೋ ಅಂತ ತಿಳೀಬೇಕಾದ್ರೆ, ಬೇಳೆ ಬದಲಾಯಿಸಿ ಒಂದ್ಸಲನಾದ್ರೂ ಮಾಡಿ ನೋಡ್ಬೇಕು" ಎಂದರು ಶಾರದಮ್ಮನವರು.

ಅಕ್ಟೋಬರಿನ ಒಂದು ಸಂಜೆ ನಾನು ಕಾಫಿ ಕುಡಿಯುತ್ತ ಹಾಲ್‌ನಲ್ಲಿ ಕೇಳಿದ ಸುದ್ದಿ ಹೇಳಿದೆ. ಹ್ಯೂಸ್ಟನ್ ಕಡೆಯ ಯಾವುದೋ ಕಾಲೇಜಿನ ಆಟಗಾರನಿಗೆ ಅಭಿಮಾನಿಯೊಬ್ಬ ಹೋಟೆಲಿನಲ್ಲಿ ಊಟ ಕೊಡಿಸಿದನಂತೆ, ಹುಡುಗನನ್ನು ಆಟದಿಂದ ಹೊರಗಿಟ್ಟರಂತೆ. ಹೇಳಿ ಮುಗಿಸಿದ ಮೇಲೆ ನಾನು ಏನು ಹೇಳಿದೆನೆಂದು ನನಗೇ ಹೊಳೆಯಿತು. ಶಾರದಮ್ಮನವರು ಒಲೆ ಆರಿಸಿದರು.

"ಊಟಕ್ಕೂನಾ?"

"ಊಟಕ್ಕೂ, ಆಂಟಿ."

"ಊಟ ಹೇಗಮ್ಮ ಕೊಡುಗೆ ಆಗುತ್ತೆ? ಊಟ ಅಂದ್ರೆ ಊಟ."

ಅವರ ತುಟಿ ಬೆಳ್ಳಗಾಗಿತ್ತು. ಕುರ್ಚಿ ಎಳೆದು ಕೂರಿಸಿದೆ. ನಾನೂ ಟ್ಯೂಟರ್, ವೀಸಾ ಮೇಲಿರುವವಳು, ಅದೇ ಹುಡುಗನ ಪಕ್ಕ ಕೂತು ಅದೇ ಚಿತ್ರಾನ್ನ ತಿಂದವಳು. ಧೈರ್ಯದ ಮಾತು ಹೇಳಬೇಕಾದ ನಾನು ಕಾಫಿ ಲೋಟ ತೊಳೆಯುತ್ತ ನಿಂತುಬಿಟ್ಟೆ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಫೋನ್ ರಿಂಗಾದರೆ ಮೂವರೂ ಬೆಚ್ಚಿಬೀಳುತ್ತಿದ್ದೆವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಹಾಲ್‌ನಲ್ಲಿ ಯಾರಾದರೂ ತಮ್ಮತ್ತ ನೋಡಿದರೆ ಸಾಕು, ಶಾರದಮ್ಮನವರು ಬೆವರುತ್ತಿದ್ದರು. ನಂಜುಂಡಸ್ವಾಮಿಯವರು ಕಿಟಕಿ ಪರದೆ ಎಳೆದು ಪಿಸುಗುಟ್ಟಿದರು: "ಬಾಯಿ ಮುಚ್ಕೊಂಡಿರು. ಯಾರು ನೋಡಿದಾರೆ? ನೀನಾಗೇ ಹೋಗಿ ಹೇಳಿದ್ರೆ ನಮ್ಮ ಕಾರ್ಡಿನ ಗತಿ?"

"ನಾಳೆ ಬೇರೆಯವರಿಂದ ಗೊತ್ತಾದ್ರೆ ಆ ಹುಡುಗನ ಓದೇ ಹೋಗುತ್ತಲ್ರೀ. ಹಾಕಿದ್ದು ನಾನು, ಕಳಕೊಳ್ಳೋದು ಅವನು."

ಅತ್ತ ದರಿ, ಇತ್ತ ಪುಲಿ. ಎರಡು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ, ನಮಗೂ ಬಡಿಸಲಿಲ್ಲ. ಮೂರನೆಯ ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಮೇಲೆ ಸ್ವೆಟರ್ ಹಾಕಿ, "ನಡಿ, ನನ್ನ ಡ್ರಾಪ್ ಮಾಡು" ಎಂದರು.

ಕಾಲೇಜಿನಲ್ಲಿ ಆಟಗಾರರ ನಿಯಮ ನೋಡಿಕೊಳ್ಳುವ ಅಧಿಕಾರಿಯ ಹೆಸರು ಬೆಕ್‌ಮನ್. ಅವನ ಆಫೀಸಿನ ಮುಂದೆ ಕಾರು ನಿಲ್ಲಿಸಿದರೆ ಶಾರದಮ್ಮನವರಿಗೆ ಬಾಗಿಲು ತೆಗೆಯಲಾಗಲಿಲ್ಲ. ನಾನೇ ಇಳಿದು ತೆಗೆದೆ. ಒಳಗೆ ನಾನೂ ಕೂತೆ. ಅವರು ಶಾಲೆಯ ಹುಡುಗಿಯಂತೆ ಕೈಕಟ್ಟಿ, ಬಡಿಸಿದ್ದನ್ನೆಲ್ಲ ಒಂದೊಂದಾಗಿ ಹೇಳಿದರು, ಹಪ್ಪಳವನ್ನೂ ಬಿಡಲಿಲ್ಲ. ನನ್ನ ಹೆಸರು ಮಾತ್ರ ಎತ್ತಲಿಲ್ಲ.

ಬೆಕ್‌ಮನ್ ಕೆಟ್ಟವನಲ್ಲ. ಮೇಜಿನ ಮೇಲಿನ ನೀರಿನ ಬಾಟಲಿಯನ್ನು ಅವರತ್ತ ಸರಿಸಿ, ನಿಮ್ಮ ಮನಸ್ಸು ಅರ್ಥವಾಗುತ್ತದೆ, ನಿಮಗೇನೂ ತೊಂದರೆಯಾಗುವುದಿಲ್ಲ ಎಂದ. ಆದರೆ ಟ್ರೆವರ್ ಶನಿವಾರ ಡಾಲಸ್‌ನಲ್ಲಿ ನಡೆಯುವ ಆಟವನ್ನು ಹೊರಗೆ ಕೂತು ನೋಡಬೇಕು. ಈ ಸೀಸನ್ ಮುಗಿಯುವ ತನಕ ಶಾರದಮ್ಮನವರು ಅವನಿಗೆ ಪಾಠ ಹೇಳುವಂತಿಲ್ಲ, ಮಾತೂ ಆಡುವಂತಿಲ್ಲ. ಇನ್ನೊಮ್ಮೆ ಹೀಗೇನಾದರೂ ಕಂಡುಬಂದರೆ ಹುಡುಗನ ಸ್ಕಾಲರ್‌ಶಿಪ್ಪೇ ಹೋಗುತ್ತದೆ.

ಶನಿವಾರ ಡಾಲಸ್‌ಗೆ ಹೋಗಲೇಬೇಕೆಂದು ಶಾರದಮ್ಮನವರು ಹಟ ಹಿಡಿದರು. ನಂಜುಂಡಸ್ವಾಮಿಯವರು ಡಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್‌ನ ಸ್ನೇಹಿತರ ಮನೆಯಲ್ಲಿ ಇಳಿದುಕೊಂಡು, "ಮೈದಾನಕ್ಕೆ ನಾನಂತೂ ಬರಲ್ಲ, ಯಾರಾದ್ರೂ ಫೋಟೊ ಹೊಡೀತಾರೆ" ಎಂದರು. ನಾವಿಬ್ಬರೇ ಹೋದೆವು.

ಟ್ರೆವರ್ ಹೆಲ್ಮೆಟ್ ಇಲ್ಲದೆ ಗೆರೆಯ ಆಚೆ ನಿಂತಿದ್ದ. ಏಕೆಂದು ನೋಡುವ ಜನಕ್ಕೆ ಗೊತ್ತಿರಲಿಲ್ಲ. ಕೈಲ್ ಮೈದಾನಕ್ಕಿಳಿದಾಗ ನಮ್ಮ ಕಾಲೇಜಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇನ್ನೂ ಮೀಸೆ ಸರಿಯಾಗಿ ಮೂಡದ, ಕೋಲಿನಂಥ ಹುಡುಗ. ಗೋಡೆ ಮಾತ್ರ ಅದೇ, ಎಡತುದಿಯ ದಾಂಡಿಗನೂ ಅವನೇ. ಅದೇ ರೀತಿ ತಡವಾಗಿ ಎದ್ದ. ಕೈಲ್ ಬಿದ್ದ. ಎದ್ದು ಎಸೆದ, ಜೊತೆಗಾರ ಕೈಚೆಲ್ಲಿದ. ಮತ್ತೆ ಬಿದ್ದ. ಟ್ರೆವರ್ ಹೇಗೋ ತಪ್ಪಿಸಿಕೊಂಡು ಎಸೆಯುತ್ತಿದ್ದ ಕಡೆ ಈ ಹುಡುಗನಿಗೆ ತಲೆಯೆತ್ತಲೂ ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಜನ "ಟ್ರೆವರ್ ಎಲ್ಲಿ?" ಎಂದು ಕೂಗತೊಡಗಿದರು.

ನನಗೆ ಖುಷಿಯೋ ಖುಷಿ. "ಆಂಟಿ, ಬೇಳೆ ಬದಲಾಯಿಸಿದ ಸಾರು ನೋಡಿ! ಇವನದೇನೂ ತಪ್ಪಿಲ್ಲ ಅಂತ ಸಾಬೀತಾಗೋಯ್ತು" ಎಂದು ತೋಳು ಹಿಡಿದು ಅಲುಗಾಡಿಸಿದೆ. ಎಷ್ಟೋ ದಿನಗಳ ಮೇಲೆ ಅವರು ನಕ್ಕರು.

ಆಗಲೇ ಆದದ್ದು ಅದು. ಎಡಗಡೆಯಿಂದ ಬಂದವನು ಪೂರ್ತಿ ಓಟದಲ್ಲಿ ಕೈಲ್‌ನ ಬೆನ್ನಿಗೆ ಗುದ್ದಿದ. ಅಷ್ಟು ಮೇಲೆ ಕೂತಿದ್ದ ನಮಗೂ ಶಬ್ದ ಕೇಳಿಸಿತು. ಹುಡುಗ ಮುಖ ಅಡಿಯಾಗಿ ಬಿದ್ದವನು ಏಳಲಿಲ್ಲ. ಕೈ ಮೈಕೆಳಗೆ ಹೇಗೆಹೇಗೋ ಮಡಚಿತ್ತು. ನಮಗಿಂತ ಕೆಳಗಿನ ಸಾಲಿನಿಂದ, ಅವನದೇ ನಂಬರಿನ ಅಂಗಿ ತೊಟ್ಟ ಹೆಂಗಸೊಬ್ಬಳು ಮೆಟ್ಟಿಲಿಳಿದು ಓಡಿದಳು, ಒಂದು ಚಪ್ಪಲಿ ಅಲ್ಲೇ ಉಳಿಯಿತು.

ಶಾರದಮ್ಮನವರು ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದಿದ್ದರು. "ನಮ್ಮವನಲ್ಲ" ಎನ್ನುತ್ತಿದ್ದರು. "ಸದ್ಯ, ನಮ್ಮವನಲ್ಲ. ನಮ್ಮವನಲ್ಲ." ಆ ಹೆಂಗಸು ಗೆರೆಯ ಹತ್ತಿರ ತಲುಪಿದಾಗ ತಾವು ಏನು ಹೇಳುತ್ತಿದ್ದೇವೆಂದು ಅವರಿಗೇ ಕೇಳಿಸಿತು. ಸೆರಗನ್ನು ಬಾಯಿಗೆ ತುರುಕಿಕೊಂಡರು.

ಕೈಲ್‌ನ ಹೆಗಲ ಮೂಳೆ ಮುರಿದು, ಒಳಗೂ ಪೆಟ್ಟಾಗಿತ್ತು. ಅವನು ಇನ್ನು ಎಸೆಯುವುದು ಅನುಮಾನ ಎಂದು ಸೋಮವಾರ ಹಾಲ್‌ನಲ್ಲಿ ಮಾತಾಡಿಕೊಂಡರು. ಅದೇ ದಿನ ಪೇಪರಿನವರು ರಾಗ ಬದಲಿಸಿದರು: ತಪ್ಪೆಲ್ಲ ಗೋಡೆಯದು, ಇಷ್ಟು ದಿನ ತಂಡವನ್ನು ಹೊತ್ತಿದ್ದವನು ಟ್ರೆವರ್. ಮುಂದಿನ ಶನಿವಾರ ಹ್ಯೂಸ್ಟನ್‌ನಲ್ಲಿ ಅವನೇ ಆಡುತ್ತಾನೆ, ಸೀಸನ್ ಮುಗಿಯುವ ತನಕ ಜಾಗ ಅವನದೇ ಎಂದು ಕೋಚ್ ಹೇಳಿಕೆ ಕೊಟ್ಟ. ಗೋಡೆಗೆ ಮಾತ್ರ ಬೇರೆ ಆಳುಗಳಿರಲಿಲ್ಲ, ಎಡತುದಿಗೆ ಮತ್ತೆ ಆ ದಾಂಡಿಗನೇ.

ಮಂಗಳವಾರ ಹಾಲ್‌ನ ಕಾರಿಡಾರಿನಲ್ಲಿ ಟ್ರೆವರ್ ನಮಗೆ ಎದುರಾದ. ಮಾತಾಡುವ ಹಾಗಿಲ್ಲವಲ್ಲ, ಎದೆ ಮುಟ್ಟಿಕೊಂಡು ತಲೆ ಬಾಗಿಸಿ, ಮುಖದ ತುಂಬ ನಕ್ಕು ಹೋದ. ಅಷ್ಟು ನಿರಾಳವಾಗಿ ಅವನು ನಕ್ಕದ್ದನ್ನು ನಾನು ನೋಡಿರಲಿಲ್ಲ. ಶಾರದಮ್ಮನವರು ಗೋಡೆ ಹಿಡಿದು ನಿಂತರು.

ಕಾರಿನಲ್ಲಿ ಕೂತ ಮೇಲೆ ಅವರು ಬೆಲ್ಟ್ ಹಾಕಿಕೊಳ್ಳಲಿಲ್ಲ.

"ಮಧುರಾ, ಬೆಕ್‌ಮನ್ ಆಫೀಸಿಗೆ ನಡಿ. ಇನ್ನೂ ತುಂಬ ಸಲ ಊಟ ಹಾಕಿದ್ದೆ, ಅವತ್ತು ಹೇಳಕ್ಕೆ ಮರೆತೆ ಅಂತ ಹೇಳ್ತೀನಿ. ಶನಿವಾರಾನೂ ಹೊರಗೆ ಕೂರಿಸ್ತಾರೆ, ಆ ಗೋಡೆ ಹಿಂದೆ ನಿಲ್ಲೋದು ತಪ್ಪುತ್ತೆ."

"ಆಂಟಿ, ಸ್ಕಾಲರ್‌ಶಿಪ್ ಹೋಗುತ್ತೆ! ಓದು ಹೋಗುತ್ತೆ. ನಿಮ್ಮ ಕಾರ್ಡು..."

"ಹೋಗ್ಲಿ."

ಲಕೋಟೆ ಒಡೆಯಲು ಗಂಡನ ದಾರಿ ಕಾಯುತ್ತಿದ್ದ ಹೆಂಗಸು ಆಡಿದ ಮಾತದು. ನನಗೆ ಭಯವಾಯಿತು, ಅವರನ್ನು ಕಂಡೇ ಭಯವಾಯಿತು. ಕೀಲಿಯನ್ನು ಕೈಯಲ್ಲೇ ಬಿಗಿಹಿಡಿದು, "ನಾನು ಕರಕೊಂಡು ಹೋಗಲ್ಲ" ಎಂದೆ. ಅವರು ಗದರಿಸುತ್ತಾರೆ ಎಂದುಕೊಂಡಿದ್ದೆ. ಗದರಿಸಲಿಲ್ಲ. ಎದುರಿನ ಗಾಜಿನಾಚೆ ಹುಡುಗರು ಚೀಲ ಹೊತ್ತು ಪ್ರಾಕ್ಟೀಸಿಗೆ ಹೊರಟಿದ್ದರು.

"ಅವನು ಚೆನ್ನಾಗಿ ಆಡಲ್ಲ ಅಂತ್ಲೇ ಎಲ್ಲರೂ ಅಂದ್ಕೊಂಡಿದ್ರಲ್ಲಮ್ಮ" ಎಂದರು. "ಹಾಗೇ ಅಂದ್ಕೊಂಡಿರ್ಬೇಕಿತ್ತು."