ಕೂಗು ಕೊಟ್ಟ ಕೆಂಪನಂಜಪ್ಪ

ಕೊಳ್ಳೇಗಾಲ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಎರಡನೇ ವರ್ಷ ಕೆಂಪನಂಜಪ್ಪ ಅಲ್ಲಿ ರಾಗಿ ಬೀಸುವ ಡೀಸೆಲ್ ಮಿಶಿನ್ ಹಾಕಿದ. ಬ್ಯಾಂಡಿನವರು ಬಿಸಾಡಿದ್ದ ಹಿತ್ತಾಳೆ ಕಹಳೆಯ ಬಾಯಿ ಕತ್ತರಿಸಿ ಹೊಗೆ ಕೊಳವೆಯ ತುದಿಗೆ ಬಿಗಿದ. ಮಿಶಿನ್ ಓಡಿದಷ್ಟು ಹೊತ್ತೂ ಅದು ಕುಹೂಕ್ ಕುಹೂಕ್ ಎಂದು ಕೂಗತೊಡಗಿತು. ಊರಿನ ಯಾವ ದೇವರಿಗೂ ಅಷ್ಟು ದೂರ ಕೇಳುವ ಗಂಟೆ ಇರಲಿಲ್ಲ. ಕೂಗು ಕೇಳಿದರೆ ಸುತ್ತಲ ಹಳ್ಳಿಯ ಹೆಂಗಸರು ರಾಗಿ ಚೀಲ ತಲೆಗೇರಿಸುವರು, ಕೇಳದಿದ್ದರೆ ಇಳಿಸುವರು. ಬೋರ್ಡಿನ ಮೇಲೆ ಒಂದು ದೇವರ ಹೆಸರಿತ್ತು. ಅದನ್ನು ಯಾರೂ ಓದಲಿಲ್ಲ. ಎಲ್ಲರಿಗೂ ಅದು ಕೂಗೋ ಮಿಶಿನ್ನು.

ಹನೂರಿನ ದೊಡ್ಡಸಿದ್ದಯ್ಯನೂ ಒಂದು ಮಿಶಿನ್ ತಂದ. ಅದು ಕೂಗುತ್ತಿರಲಿಲ್ಲ, ಕೆಮ್ಮುತ್ತಿತ್ತು. ಜನ ಹತ್ತಿರ ಸುಳಿಯಲಿಲ್ಲ. ಒಂದು ದಿನ ಅವನು ಬಸ್ಸು ಹತ್ತಿ ಬಂದು ಕೆಂಪನಂಜಪ್ಪನ ಜಗಲಿಯ ಮೇಲೆ ಕೂತ.

"ನಂಜಣ್ಣ, ಆ ಕೂಗ ನಂಗೂ ಒಸಿ ಕೊಡಿ."

"ಕೂಗೇನು ಮಜ್ಜಿಗೇನ್ಲಾ, ಚೊಂಬು ಇಡ್ಕೊಂಡು ಬಂದು ಕೇಳಕ್ಕೆ?"

"ಬಿಟ್ಟಿ ಕೇಳ್ನಿಲ್ಲ ಕಣಣ್ಣ."

ಬಿಟ್ಟಿಯಲ್ಲ ಎಂದ ಮೇಲೆ ಕೆಂಪನಂಜಪ್ಪ ಯೋಚಿಸಿದ. ಅವನು ಹಾಕಿದ ಕರಾರು ಇಷ್ಟು: ಮಿಶಿನ್ ನಿನ್ನದು, ಕಹಳೆ ನನ್ನದು. ಬೀಸುವ ಕೂಲಿ ಎರಡೂ ಊರಲ್ಲಿ ಒಂದೇ. ಅದರಲ್ಲಿ ಕೂಗಿಗೆ ಒಂದು ಪಾಲು. ಕಲ್ಲು ಸವೆದಾಗ ಉಳಿ ಹಾಕಿ ಕುಟ್ಟಿಸಬೇಕು. ಕುಟ್ಟಿಸಿದ ದಿನ ಮೊದಲು ಹೊಟ್ಟು ಬೀಸಿ ಚೆಲ್ಲಬೇಕು. ಕಲ್ಲಿನ ಪುಡಿಯೆಲ್ಲ ಹೋದ ಮೇಲೇ ರಾಗಿ. ಹಿಟ್ಟಿನಲ್ಲಿ ಕಲ್ಲು ಸಿಕ್ಕರೆ ಒಂದು ತಿಂಗಳು ಕಹಳೆ ಬಿಚ್ಚುವುದು. ಇಂಥ ಏರ್ಪಾಡಿಗೆ ಪೇಟೆಯ ಕಂಪನಿಗಳು ಏನೆನ್ನುತ್ತವೋ ಇಬ್ಬರಿಗೂ ತಿಳಿದಿರಲಿಲ್ಲ. ಅವರು ಅದನ್ನು ಕೂಗು ಕೊಡುವುದು ಎಂದರು.

ಹನೂರು ಕೂಗಿತು, ಜನ ಬಂದರು. ಮುಂದಿನ ವರ್ಷ ಯಳಂದೂರಿನಲ್ಲಿ ಗಂಡ ಬಿಟ್ಟುಹೋದ ಮಿಶಿನ್ ನಡೆಸುತ್ತಿದ್ದ ಪುಟ್ಟಬಸಮ್ಮನೂ ಕೂಗು ಪಡೆದಳು. ಆಮೇಲೆ ಕೆಂಪನಂಜಪ್ಪ ಸ್ವಂತ ಮಿಶಿನ್ನನ್ನು ಬಾಮೈದ ಮಾದಸ್ವಾಮಿಗೆ ಒಪ್ಪಿಸಿ ತಪಾಸಣೆಗೆ ಹೊರಟ. ತಪಾಸಣೆ ಎಂದರೆ ಅಲ್ಲಿ ಬೀಸಿದ ಹಿಟ್ಟಿನ ಮುದ್ದೆಯನ್ನು ಅಲ್ಲೇ ಉಣ್ಣುವುದು. ಪುಟ್ಟಬಸಮ್ಮನ ಹುರುಳಿ ಸಾರಿನಲ್ಲಿ ಮೂರನೇ ಮುದ್ದೆಯವರೆಗೂ ಪರೀಕ್ಷೆ ನಡೆಯುತ್ತಿತ್ತು. ಎಲ್ಲೂ ಒಂದು ಹರಳು ಸಿಗಲಿಲ್ಲ. ವರ್ಷಗಳು ಕಳೆದಂತೆ ಬಸ್ಸಿನ ಕಂಡಕ್ಟರು ಅವನಿಗೆ ಒಂದೂವರೆ ಟಿಕೆಟ್ಟು ಕೇಳತೊಡಗಿದ.

"ಬ್ರಾಂಚು ಬೆಳ್ದದೋ ಇಲ್ವೋ, ಒಟ್ಟೆಯಂತೂ ಬೆಳ್ದದೆ" ಎಂದಳು ಹೆಂಡತಿ ಚನ್ನಾಜಮ್ಮ.

ಅರವತ್ತಾರರ ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ಮಾತು ಹಬ್ಬಿತು: ಕೂಗೋ ಮಿಶಿನ್ ಹಿಟ್ಟಲ್ಲಿ ಕಲ್ಲು. ಹಬ್ಬಿಸಿದವರು ಹೂಗ್ಯಂ ಕಡೆಯವರು, ರೊಟ್ಟಿ ಕಟ್ಟಿಕೊಂಡು ಕಾಡಿನ ಕೆಲಸಕ್ಕೆ ಹೋಗುವ ಜನ. ಕೂಗು ಮೂರು ಊರಲ್ಲೂ ಒಂದೇ. ಅಪವಾದವೂ ಒಂದೇ ಆಯಿತು. ಕೂಗು ಕೇಳಿದ ಹೆಂಗಸರು ಚೀಲ ಹೊತ್ತು ಬೇರೆ ಮಿಶಿನ್ನಿಗೆ ನಡೆದರು. ಎಂಟು ವರ್ಷ ಜನರನ್ನು ಕರೆದ ಕಹಳೆ ಈಗ ಓಡಿಸತೊಡಗಿತ್ತು. ಹೂಗ್ಯದವರಿಗೆ ಹತ್ತಿರದ್ದು ಹನೂರು. ಕೆಂಪನಂಜಪ್ಪ ಸ್ಪ್ಯಾನರ್ ಜೇಬಿಗಿಳಿಸಿಕೊಂಡು ಹನೂರಿಗೆ ಹೋದ.

"ಬಿಚ್ಚಿ, ಬ್ಯಾಡ ಅನ್ನಕಿಲ್ಲ" ಎಂದ ದೊಡ್ಡಸಿದ್ದಯ್ಯ. "ಮೊದ್ಲು ಉಂಡು ನೋಡಿ."

ಮುದ್ದೆ ಬಂತು. ಕೆಂಪನಂಜಪ್ಪ ತುತ್ತು ಮುರಿದು, ಸಾರಿಗೆ ಅದ್ದಿ, ನುಂಗಿದ. ಇನ್ನೊಂದನ್ನು ನುಂಗಿದ. ಹರಳಿರಲಿಲ್ಲ.

"ಅಣ್ಣ, ಒಂದ್ಮಾತು. ಮುದ್ದೆಯ ನೀವು ಅಗೀತೀರಾ?"

"ಮುದ್ದೆಯ ಯಾವನ್ಲಾ ಅಗೀತಾನೆ?"

ಹೇಳಿ ಮುಗಿಸುವಷ್ಟರಲ್ಲಿ ಅವನ ಕೈ ಸಾರಿನಲ್ಲೇ ನಿಂತಿತು. ಇಷ್ಟು ವರ್ಷ ಅವನ ಗಂಟಲು ತಪಾಸಣೆ ಮಾಡಿತ್ತು, ಹಲ್ಲು ರಜೆಯಲ್ಲಿತ್ತು.

ಒಳಗಿಂದ ಅದೇ ಹಿಟ್ಟಿನ ರೊಟ್ಟಿ ತರಿಸಿದರು. ಕೆಂಪನಂಜಪ್ಪ ಎಮ್ಮೆಯಂತೆ ಅಗಿದ. ಏನೂ ಸಿಗಲಿಲ್ಲ. ಮರುದಿನ ಇಬ್ಬರೂ ಯಳಂದೂರಿಗೆ ಹೋದರು. ಸಾರಿಲ್ಲದ ರೊಟ್ಟಿ ಕೇಳಿದ್ದಕ್ಕೆ ಪುಟ್ಟಬಸಮ್ಮ, "ಮೈಗೆ ಉಸಾರಿಲ್ವಾ ಸಾ?" ಎಂದಳು. ಅಲ್ಲೂ ಏನಿಲ್ಲ. ಸಂಜೆಗೆ ಕೊಳ್ಳೇಗಾಲಕ್ಕೆ ಬಂದು ಮನೆಯಲ್ಲಿ ಎಲೆಯ ಮುಂದೆ ಕೂತರು. ಚನ್ನಾಜಮ್ಮ ಮನೆಯ ಹಿಟ್ಟಿನ ರೊಟ್ಟಿ ತಟ್ಟಿ ಬಡಿಸಿದಳು.

ಮೊದಲು ಕಚ್ಚಿದವನು ದೊಡ್ಡಸಿದ್ದಯ್ಯ. ಕಟಕ್ಕೆಂದಿತು. ಅವನು ಮರ್ಯಾದಸ್ಥ, ಹರಳನ್ನೂ ನುಂಗಿಕೊಂಡ. ಆಮೇಲೆ ಕೆಂಪನಂಜಪ್ಪನ ಬಾಯಲ್ಲೂ ಕಟಕ್ಕೆಂದಿತು.

"ಊಗ್ಯದವ್ರು ಸಂತೆಗೆ ಬಂದಾಗ ಇಲ್ಲೇ ಬೀಸಿಸ್ಕತಾರೆ ಕಣಣ್ಣ" ಎಂದ ದೊಡ್ಡಸಿದ್ದಯ್ಯ, ಎಲೆ ನೋಡುತ್ತ.

ಮಾದಸ್ವಾಮಿಯನ್ನು ಕರೆಸಿದರು. ಕಲ್ಲು ಕುಟ್ಟಿಸುವುದನ್ನು ಅವನು ತಪ್ಪಿಸಿರಲಿಲ್ಲ, ತಪ್ಪಿಸಿದ್ದು ಆಮೇಲೆ ಹೊಟ್ಟು ಬೀಸುವುದನ್ನು. "ಒಟ್ಟು ಯಾಕೆ ದಂಡ ಮಾಡದು ಅಂತ ಸೀದಾ ರಾಗಿನೇ ಆಕ್ತಿದ್ದೆ ಬಾವ. ನೀವೇ ದಿನಾ ಉಣ್ತಿದ್ರಿ, ಏನೂ ಅನ್ನಲಿಲ್ವಲ್ಲ."

ಬಾಮೈದನಿಗೆ ಬೈಯಲು ಬಾಯಿ ತೆರೆದ ಕೆಂಪನಂಜಪ್ಪ ಚನ್ನಾಜಮ್ಮನ ಮುಖ ನೋಡಿ ಮುಚ್ಚಿದ. ಕೈ ತೊಳೆದು ಮಿಶಿನ್ ಮನೆಗೆ ನಡೆದು, ಜೇಬಿನಲ್ಲಿದ್ದ ಸ್ಪ್ಯಾನರ್ ತೆಗೆದು, ತನ್ನ ಕಹಳೆಯನ್ನೇ ಬಿಚ್ಚಿ ದೊಡ್ಡಸಿದ್ದಯ್ಯನ ಕೈಗಿಟ್ಟ.

"ಕರಾರು ಕರಾರೇ. ಮುಂದಿನ ತಿಂಗಳು ಬಂದು ನೋಡು."

ಆ ತಿಂಗಳು ಕೊಳ್ಳೇಗಾಲದ ಮಿಶಿನ್ ಮೂಕವಾಗಿ ಓಡಿತು. ಅದರ ಯಜಮಾನ ತನ್ನ ಕಹಳೆ ತಾನೇ ಬಿಚ್ಚಿದನಂತೆ ಎಂಬ ಸುದ್ದಿ ಮಾತ್ರ ಸಂತೆಯಿಂದ ಹೂಗ್ಯದವರೆಗೂ ಹೋಯಿತು. ಕೆಲವರು ಆ ವಿಚಿತ್ರ ಪ್ರಾಣಿಯನ್ನು ನೋಡಲೆಂದೇ ಬಂದರು. ಬರುವಾಗ ಬರಿಗೈಯಲ್ಲಿ ಯಾಕೆಂದು ರಾಗಿ ತಂದರು.

ತಿಂಗಳು ತುಂಬಿದ ದಿನ ದೊಡ್ಡಸಿದ್ದಯ್ಯ ಕಹಳೆಯನ್ನು ಟವಲಿನಲ್ಲಿ ಸುತ್ತಿಕೊಂಡು ತಪಾಸಣೆಗೆ ಬಂದ. ಚನ್ನಾಜಮ್ಮ ರೊಟ್ಟಿ ಹಾಕಿದಳು, ಜೊತೆಗೆ ಬೆಣ್ಣೆ, ಹುಚ್ಚೆಳ್ಳು ಚಟ್ನಿ. ಅವನು ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದ. ಕೆಂಪನಂಜಪ್ಪ ಸ್ಪ್ಯಾನರ್ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಏನ್ಲಾ, ಸಿಕ್ತಾ?"

"ಈಗ್ಲೇ ಗೊತ್ತಾಗಕಿಲ್ಲ ಅಣ್ಣ" ಎಂದ ದೊಡ್ಡಸಿದ್ದಯ್ಯ. "ಅಕ್ಕ, ಇನ್ನೊಂದು ಆಕಿ."