ಹಾಡು ನಿಲ್ಲುವವರೆಗೆ ಬೆನ್ನು ಎತ್ತಬಾರದು

ವಸಂತಿ ಟೀಚರ್ ಐದಡಿಗಿಂತ ಎತ್ತರವಿರಲಿಲ್ಲ. ಕಾಟನ್ ಸೀರೆ, ಕಾಲಿಗೆ ಬಿಳಿ ಸ್ಪೋರ್ಟ್ಸ್ ಶೂ, ಹೆಗಲಿಗೆ ಅವರ ಅರ್ಧಕ್ಕೂ ಮೀರಿದ ಬ್ಯಾಂಜೊ. ಈ ವೇಷದಲ್ಲಿ ಅವರು ದುಬೈಯ ಮಿರ್ದಿಫ್‌ನ ಶಾಲೆಯ ಕಾರಿಡಾರಿನಲ್ಲಿ ತಂತಿ ಮೀಟುತ್ತ ಹೊರಟರೆ ಹಿಂದೆ ಇಪ್ಪತ್ತೈದು ಮಕ್ಕಳು ಸಾಲಾಗಿ ಹಾಡಿಕೊಂಡು ಹೋಗುತ್ತಿದ್ದರು. ಕಾರ್ಕಳದ ಕಡೆಯ ಈ ಹೆಂಗಸು ಐದನೇ ಗ್ರೇಡಿಗೆ ಕಲಿಸುತ್ತಿದ್ದದ್ದು ಅಮೆರಿಕದ ಇತಿಹಾಸ. ಅಮೆರಿಕವನ್ನು ಅವರು ಕಣ್ಣಾರೆ ಕಂಡದ್ದು ಗೋಡೆಯ ಮ್ಯಾಪಿನಲ್ಲಿ ಮಾತ್ರ.

ನಾನು ಮೈಸೂರಿನವನು, ಆಗ ಸಿಲಿಕಾನ್ ಓಯಸಿಸ್‌ನ ಕಂಪನಿಯೊಂದರಲ್ಲಿದ್ದೆ. ಅಮೆರಿಕನ್ ಸಿಲಬಸ್ ಎಂದು ಹುಡುಕಿ ಹುಡುಕಿ ಮಗಳು ಅನಘಾಳನ್ನು ಆ ಶಾಲೆಗೆ ಸೇರಿಸಿದ್ದೆ. ಅಲ್ಲಿ ಹೋಗಿ ನೋಡಿದರೆ ಪಾಠ ಹೇಳುವವರು ‘ಎಂತ ಮಾರಾಯ್ರೆ’ ಎನ್ನುವವರು! ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಗಿರಬೇಕು.

“ಅಶೋಕನ ಬಗ್ಗೆ ಕಲಿಸಿದವರು ಅಶೋಕನನ್ನು ನೋಡಿದ್ದಾರಾ?” ಎಂದು ನಕ್ಕರು.

ಅವರ ಕ್ಲಾಸಿನಲ್ಲಿ ಹಾಡಿಲ್ಲದೆ ಪಾಠ ಶುರುವಾಗುತ್ತಿರಲಿಲ್ಲ. ರೈಲು ಹಳಿ ಹಾಕಿದ ಕೂಲಿಗಳ ಹಾಡಾದರೆ ಮಕ್ಕಳು ಸ್ಕೇಲಿನಿಂದ ಡೆಸ್ಕಿಗೆ ಬಡಿಯಬೇಕು. ಒಮ್ಮೆ ಮರಳುಗಾಳಿ ಎದ್ದು ಕಿಟಕಿಯಾಚೆ ಏನೂ ಕಾಣದಂತಾದಾಗ, ಅಂದಿನ ಪಾಠವನ್ನು ಬದಿಗಿಟ್ಟು, ಹೊಲವೆಲ್ಲ ದೂಳಾಗಿ ಹಾರಿಹೋಗಿ ಊರು ಬಿಟ್ಟ ಅಮೆರಿಕದ ರೈತರ ಹಾಡುಗಳನ್ನು ಒಂದರ ಮೇಲೊಂದು ಹಾಡಿದರಂತೆ. ಅನಘಾ ಮನೆಗೆ ಬಂದವಳೇ ಬಾಲ್ಕನಿಯ ದೂಳನ್ನು ಬೆರಳಲ್ಲಿ ತೆಗೆದು, “ದೇ ಲಾಸ್ಟ್ ಎವ್ರಿಥಿಂಗ್, ಅಪ್ಪ” ಎಂದಳು. ನನಗೆ ಬಾಲ್ಕನಿ ತೊಳೆಯುವ ಚಿಂತೆ.

ಹತ್ತಿ ಹೊಲದ ಗುಲಾಮರ ಪಾಠ ಬಂದಾಗ ಮಾತ್ರ ಗಲಾಟೆಯಾಯಿತು. ಟೀಚರ್ ಕುರ್ಚಿಗಳ ಕಾಲಿಗೆ ಹತ್ತಿಯ ಉಂಡೆಗಳನ್ನು ಟೇಪಿನಿಂದ ಅಂಟಿಸಿ, ತಾವು ಹೊಲದ ಹಾಡು ಹಾಡುತ್ತಾ ಮಕ್ಕಳಿಂದ ಅವನ್ನು ಬಿಡಿಸಿದರು. ನಿಯಮ ಒಂದೇ: ಹಾಡು ನಿಲ್ಲುವವರೆಗೆ ಬೆನ್ನು ಎತ್ತಬಾರದು. ಅನಘಾ ಸೊಂಟ ಹಿಡಿದುಕೊಂಡು ಮನೆಗೆ ಬಂದಳು. ಬೇರೆ ಮಕ್ಕಳೂ ಹಾಗೇ ಹೋಗಿರಬೇಕು, ಪೋಷಕರ ವಾಟ್ಸ್ಆ್ಯಪ್ ಗ್ರೂಪ್ ಕೊತಕೊತ ಕುದಿಯಿತು. ದೂರು ಬರೆಯಲು ಒಳ್ಳೆಯ ಇಂಗ್ಲಿಷಿನವರು ಬೇಕು ಎಂದಾಗ ನಾನು ಉಬ್ಬಿಹೋಗಿ ಒಪ್ಪಿಕೊಂಡೆ. ಇತಿಹಾಸ ಗಂಭೀರ ವಿಷಯ, ಮನರಂಜನೆಯಲ್ಲ, ಇವರನ್ನು ಮುಂದುವರಿಸಬಾರದು ಎಂದು ಬರೆದೆ. ಕೆಳಗೆ ‘ಪೋಷಕರು’ ಎಂದಷ್ಟೇ ಹಾಕಿದೆ.

ಅದು ಟೀಚರುಗಳ ಕಾಂಟ್ರ್ಯಾಕ್ಟ್ ನವೀಕರಿಸುವ ತಿಂಗಳು. ಇಲ್ಲಿ ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಗಂಟುಮೂಟೆ ಕಟ್ಟಬೇಕು. ಗಂಡ ತೀರಿಕೊಂಡ ಮೇಲೆ ವಸಂತಿ ಟೀಚರ್ ಆ ಶಾಲೆಯ ವೀಸಾದ ಮೇಲೇ ದುಬೈಯಲ್ಲಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ.

ಪ್ರಿನ್ಸಿಪಾಲರು ಪೋಷಕರನ್ನೆಲ್ಲ ಕರೆಸಿ, ಆ ಕ್ಲಾಸನ್ನು ನೀವೇ ನೋಡಿ, ಆಮೇಲೆ ತೀರ್ಮಾನಿಸೋಣ ಎಂದರು. ನಾವು ಎಂಟು ಜನ ಹೋದೆವು. ಟೀಚರ್ ನಮ್ಮನ್ನು ಕೂರಿಸಲಿಲ್ಲ. ಮಕ್ಕಳು ಗೋಡೆಗೆ ಒರಗಿ ನಿಂತಿದ್ದರು, ಕುರ್ಚಿಗಳ ಕಾಲಿಗೆ ಹತ್ತಿ ಸಿದ್ಧವಾಗಿತ್ತು.

“ಯಲ್ಲಾ, ಬಗ್ಗಿ!” ಎಂದರು ಟೀಚರ್. ಯಲ್ಲಾ ಎಂದರೆ ಅರಬ್ಬಿಯಲ್ಲಿ ‘ಹೂಂ, ಶುರು ಮಾಡಿ’.

ಸೂಟಿನವರೂ ಬಗ್ಗಿದರು, ಹೈಹೀಲ್ಸಿನವರೂ ಬಗ್ಗಿದರು. ಮಾಡಿದ್ದುಣ್ಣೋ ಮಹರಾಯ ಎಂದು ನಾನೂ ಬಗ್ಗಿದೆ. ಟೀಚರ್ ಒಂದು ಸಾಲು ಎತ್ತಿಕೊಟ್ಟರೆ ಮಕ್ಕಳು ಮರುಸಾಲು ಹಾಡುತ್ತಿದ್ದರು. ಎಂಥ ದನಿ ಅದು! ಆ ಪುಟ್ಟ ದೇಹದಲ್ಲಿ ಅಷ್ಟು ದೊಡ್ಡ ದನಿ ಎಲ್ಲಿತ್ತೋ. ಮೊದಲು ಮಜವಾಗಿತ್ತು, ಕಾಲು ತಾನಾಗಿ ತಾಳ ಹಾಕಿತು. ಆಮೇಲೆ ಮಜ ಹೋಯಿತು, ಆದರೆ ಕೈಗಳು ಹಾಡಿನ ಹಿಂದೆ ಹೋಗುತ್ತಲೇ ಇದ್ದವು. ಎಷ್ಟು ಹೊತ್ತಾಯಿತೋ ತಿಳಿಯದು. ಒಂದು ಸಾಲಿನ ನಡುವೆ ಅವರು ಥಟ್ಟನೆ ತಂತಿಯ ಮೇಲೆ ಅಂಗೈ ಇಟ್ಟರು.

ಹಾಡು ನಿಂತದ್ದೇ ತಡ, ಬೆನ್ನಿನ ನೋವು ನೆತ್ತಿಗೇರಿತು. ಎಂಟು ಬಾಯಿಗಳಿಂದ ಒಟ್ಟಿಗೇ ‘ಅಮ್ಮಾ’ ಬಂತು, ಅವರವರ ಭಾಷೆಯಲ್ಲಿ.

ಮಕ್ಕಳು ನಗಲಿಲ್ಲ. “ವೈ ಡಿಡ್ ದೇ ಸಿಂಗ್?” ಎಂದು ಟೀಚರ್ ಕೇಳಿದರು. “ನಾಟ್ ಬಿಕಾಸ್ ದೇ ವರ್ ಹ್ಯಾಪಿ,” ಎಂದಳು ನನ್ನ ಮಗಳು.

ಆಮೇಲೆ ಟೀಚರ್ ನಮ್ಮ ಕಡೆ ತಿರುಗಿ ಇಂಗ್ಲಿಷಿನಲ್ಲಿ ತಮ್ಮ ತಾಯಿಯ ಕಥೆ ಹೇಳಿದರು. ತಾಯಿ ಧನಿಗಳ ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹಾಡಿನ ಮೊದಲ ಸಾಲು ಎತ್ತಿಕೊಡುತ್ತಿದ್ದವರು. ಗದ್ದೆಯ ಅಂಚಿನಲ್ಲಿ ನಿಂತ ಧನಿಗಳು, ಇವರೆಲ್ಲ ಎಷ್ಟು ಖುಷಿಯಾಗಿದ್ದಾರೆ ಎನ್ನುತ್ತಿದ್ದರಂತೆ. “ಆದರೆ ನನ್ನ ಅಮ್ಮ ಸಂಜೆ ಮನೆಗೆ ಬರುತ್ತಿದ್ದರು. ಅವರನ್ನಾಗಲಿ ನನ್ನನ್ನಾಗಲಿ ಯಾರೂ ಮಾರುವ ಹಾಗಿರಲಿಲ್ಲ. ಆ ವ್ಯತ್ಯಾಸ ಎಷ್ಟು ದೊಡ್ಡದು ಅಂತ ನಿಮ್ಮ ಮಕ್ಕಳಿಗೆ ಈಗ ಗೊತ್ತಿದೆ,” ಎಂದರು. ಪ್ರಿನ್ಸಿಪಾಲರು ದೂರಿನ ವಿಷಯ ಎತ್ತುವ ಮೊದಲೇ ಸೂಟಿನವರು, ನಾವು ಅದನ್ನು ವಾಪಸು ತೆಗೆದುಕೊಳ್ಳುತ್ತೇವೆ ಎಂದುಬಿಟ್ಟರು. ನಾನೂ ಎಲ್ಲರ ಜೊತೆ ತಲೆಯಾಡಿಸಿದೆ.

ಟೀಚರ್ ಇನ್ನೂ ಮೂರು ವರ್ಷ ಕಲಿಸಿದರು. ಅರವತ್ತು ತುಂಬಿ ಊರಿಗೆ ಹೊರಟ ದಿನ ಅನಘಾಳೂ ನಾನೂ ಅವರ ಬಿಲ್ಡಿಂಗಿಗೆ ಹೋದೆವು. ಅವಳು ಬ್ಯಾಗು ಹೊತ್ತು ಲಿಫ್ಟಿನಲ್ಲಿ ಇಳಿದಾಗ ನಾನು ಧೈರ್ಯ ಮಾಡಿದೆ.

“ಮೇಡಂ, ಆವತ್ತು ಆ ಲೆಟರ್ ಬರ್ದಿದ್ದು ನಾನೇ.”

“ಗೊತ್ತುಂಟು ಮಾರಾಯ್ರೆ,” ಎಂದರು, ಬಾಗಿಲಿಗೆ ಬೀಗ ಹಾಕುತ್ತಾ. “ನೀವು ಬರಿಯೋದು ಅನಘಾ ನೋಡಿದ್ಲಂತೆ, ಕೊಟ್ಟ ದಿನವೇ ಬಂದು ಹೇಳಿದ್ಲು. ಕೂಗಿದ್ಲು ಪಾಪ, ಅತ್ತು ಅತ್ತು ಕಣ್ಣೆಲ್ಲ ಕೆಂಪು. ‘ನನ್ನ ಅಪ್ಪ ಕೆಟ್ಟವರಲ್ಲ ಮಿಸ್, ಅವ್ರು ಬಗ್ಗಿ ನೋಡ್ಲಿಲ್ಲ ಅಷ್ಟೆ’ ಅಂತ. ನಿಮ್ಮನ್ನೆಲ್ಲ ಕ್ಲಾಸಿಗೆ ಕರೀವಾ ಅಂತ ನಾನು ಪ್ರಿನ್ಸಿಪಾಲರ ಹತ್ರ ಹೋದದ್ದು ಆಮೇಲೆ. ನನಗೆ ಹೊಳೆದದ್ದಲ್ಲ ಅದು, ನಿಮ್ಮ ಮಗಳಿಗೆ.”

ಮೂರು ವರ್ಷ ಒಂದೇ ಮನೆಯಲ್ಲಿದ್ದೂ ಅವಳು ನನಗೆ ಇದರ ಸುಳಿವು ಕೊಟ್ಟಿರಲಿಲ್ಲ. ಕೆಳಗೆ ಟ್ಯಾಕ್ಸಿಯ ಹತ್ತಿರ ಟೀಚರೂ ಅವಳೂ ತಬ್ಬಿಕೊಂಡು ನಿಂತದ್ದನ್ನು ನೋಡಿ ನನ್ನ ಎದೆ ಹೆಮ್ಮೆಯಿಂದ ತುಂಬಿಬಂತು. ಟ್ಯಾಕ್ಸಿ ತಿರುವಿನಲ್ಲಿ ಮರೆಯಾದ ಮೇಲೆ ಮಗಳು ನನ್ನ ಮುಖ ನೋಡಿ, “ಮಿಸ್ ಟೋಲ್ಡ್ ಯು?” ಎಂದಳು. ಹೌದೆಂದೆ. ಅವಳು ನನ್ನ ಕೈ ಹಿಡಿದುಕೊಂಡಳು.