ಬುಟ್ಟಿಗೊಂದು ಕೈ

ಮೊನ್ನೆ ಕದ್ರಿಯ ಈ ಫ್ಲಾಟಿನಲ್ಲಿ ಹಳೆಯ ಪೆಟ್ಟಿಗೆಯೊಂದನ್ನು ಖಾಲಿ ಮಾಡುವಾಗ ದೊಡ್ಡಮ್ಮನ ಸಿಂಬೆ ಕೈಗೆ ಬಂತು. ಮೀನಿನ ಬುಟ್ಟಿಯ ಅಡಿಗೆ ತಲೆಯ ಮೇಲಿಡುತ್ತಿದ್ದ, ಹಳೆ ಸೀರೆ ಸುತ್ತಿ ಮಾಡಿದ ಬಟ್ಟೆಯ ಬಳೆ. ಮೂಗಿಗೆ ಹಿಡಿದೆ. ಬಂಗುಡೆ, ತೆಂಗಿನೆಣ್ಣೆ, ಬೆವರು, ಎಲ್ಲ ಹಾಗೇ ಇದ್ದವು. ಸತ್ತು ಇಷ್ಟು ಕಾಲವಾದರೂ ಈ ಹೆಂಗಸು ನನ್ನನ್ನು ಬಿಡುವುದಿಲ್ಲವಲ್ಲ ಎಂದು ಸಿಟ್ಟೇ ಬಂತು.

ಸುರತ್ಕಲ್ಲಿನ ಕಡಲ ಬದಿಯ ನಮ್ಮ ಮನೆಯಲ್ಲಿ ಬುಟ್ಟಿ ಹೊತ್ತು ಮೀನು ಮಾರಲು ಹೋಗುತ್ತಿದ್ದವರು ಅವರು, ಅಮ್ಮನ ಅಕ್ಕ. ತುಂಬಿದ ಬುಟ್ಟಿಯನ್ನು ಒಬ್ಬರೇ ತಲೆಗೇರಿಸಿಕೊಳ್ಳಲು ಆಗುವುದಿಲ್ಲ, ಎದುರಿಗೆ ಇನ್ನೊಬ್ಬರು ನಿಂತು ಕೈ ಕೊಡಬೇಕು. ಎತ್ತುವಾಗ ಇಬ್ಬರ ಮುಖವೂ ಹತ್ತಿರ ಬರುತ್ತದೆ. ಬುಟ್ಟಿ ವಾಲದಂತೆ ಒಬ್ಬರನ್ನೊಬ್ಬರು ನೋಡಲೇಬೇಕು. ಅಷ್ಟರಲ್ಲೇ ದೊಡ್ಡಮ್ಮ ಎದುರಿನವರ ಸಮಾಚಾರವನ್ನೆಲ್ಲ ತಿಳಿದುಬಿಡುತ್ತಿದ್ದರು. ಕಣ್ಣು ಯಾಕೆ ಕೆಂಪು, ಜ್ವರವಾ, ಗಂಡನ ಹತ್ತಿರ ಜಗಳವಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಸರಸರ ನಡೆದುಬಿಡುತ್ತಿದ್ದರು.

ಮಂಡಿನೋವಿಗೆ ವ್ಯಾಪಾರ ಬಿಟ್ಟ ಮೇಲೆ ಶುರುವಾಯಿತು ನೋಡಿ ಉಪದ್ರ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬಹುದು. ನನ್ನ ಶಾಲೆಯ ಬಸ್ಸು ಬರುವ ಹೊತ್ತಿಗೇ ಸರಿಯಾಗಿ ಬುಟ್ಟಿಗೆ ತೆಂಗಿನ ಸಿಪ್ಪೆ ತುಂಬಿಸಿ, ಯಾರಾದರೂ ಒಂದು ಕೈ ಕೊಡಿ ಎಂದು ಅಂಗಳದಲ್ಲಿ ನಿಂತು ಕೂಗುವುದು. ನಾನೇ ಒಂದು ಕೈಯಲ್ಲಿ ಎತ್ತಬಹುದಾದಷ್ಟು ಹಗುರ! ಯಾರೂ ಬಾರದಿದ್ದರೆ ಮುಖ ಊದಿಸಿಕೊಂಡು, ಗಂಜಿ ಬೇಡವೆಂದು ಗೋಡೆ ಕಡೆ ತಿರುಗಿ ಮಲಗುವುದು. ಆಮೇಲೆ ಅಮ್ಮ ಹೋಗಿ ರಮಿಸಬೇಕು. ರೋಸಿಹೋದ ಮಾವ, ಅಮ್ಮನ ತಮ್ಮ, ಅಕ್ಕನಿಗೆಂದು ಚಕ್ರದ ಗಾಡಿಯೊಂದನ್ನು ತಂದುಕೊಟ್ಟರು. ಮರುದಿನ ನೋಡಿದರೆ ಅದರೊಳಗೆ ಕೋಳಿ ಕಾವಿಗೆ ಕೂತಿದೆ. ಮಾವ ರೇಗಿದರು. ದೊಡ್ಡಮ್ಮ ತಣ್ಣಗೆ ಕೇಳಿದರು:

“ಗಾಡಿ ನನ್ನ ಮುಖ ನೋಡ್ತದಾ ಮಾರಾಯ?”

ಮಾವ ಚಪ್ಪಲಿ ಮೆಟ್ಟಿ ಹೊರಟುಹೋದರು.

ಭಜನಾ ಮಂದಿರದಲ್ಲೂ ಇದೇ ಕಥೆ. ಮಂಗಳಾರತಿಯ ಹೊತ್ತಿಗೆ ಎಲ್ಲರನ್ನೂ ತಳ್ಳಿ ಮುಂದೆ ಹೋಗುತ್ತಿದ್ದರು. ದೇವರಿಗೆ ತಾನು ಕಾಣಬೇಕಂತೆ! ನನಗೆ ನಾಚಿಕೆಯಿಂದ ಜೀವ ಹೋಗುತ್ತಿತ್ತು. ಆದರೆ ದೇವರ ಮುಂದೆ ನಿಂತು ನಾವೆಲ್ಲ ಕೇಳುವುದಾದರೂ ಎಂತ? ನೌಕರಿ, ಮದುವೆ, ಸೈಟು ಎಲ್ಲ ಬುಟ್ಟಿಗೆ ತುಂಬಿಸಿದ ತೆಂಗಿನ ಸಿಪ್ಪೆ. ಒಮ್ಮೆ ನನ್ನ ಕಡೆ ನೋಡು ಎನ್ನುವುದಷ್ಟೇ ಒಳಗಿನ ಮಾತು. ನಾವು ಅದನ್ನು ಮರ್ಯಾದೆಯಿಂದ ಮುಚ್ಚಿಡುತ್ತೇವೆ, ದೊಡ್ಡಮ್ಮ ಅಂಗಳದಲ್ಲಿ ನಿಂತು ಕೂಗುತ್ತಿದ್ದರು.

ಆ ಅಂಗಳವೂ ಈಗಿಲ್ಲ. ದೊಡ್ಡಮ್ಮ ತೀರಿಕೊಂಡ ಮೇಲೆ ಕಡಲು ಕೊರೆದು ಕೊರೆದು ಮನೆಯ ಜಗಲಿಗೇ ಬಂತು. ಮಾವ ಕಾಟಿಪಳ್ಳಕ್ಕೆ ಹೋದರು, ನಾವು ಇತ್ತ ಬಂದೆವು. ಇಲ್ಲಿ ಯಾವ ಭಾರಕ್ಕೂ ಇನ್ನೊಬ್ಬರು ಬೇಡ, ಲಿಫ್ಟ್ ಇದೆ.

ಮೊನ್ನೆ ಸಿಂಬೆಯನ್ನು ಮಡಿಲಲ್ಲಿಟ್ಟುಕೊಂಡು ತುಂಬ ಹೊತ್ತು ಕೂತಿದ್ದೆ. ಎದ್ದು, ಒಣಗಿದ ಬಟ್ಟೆಯ ಬುಟ್ಟಿಯ ಹತ್ತಿರ ನಿಂತು, ಒಂದು ಕೈ ಕೊಡು ಬಾ ಎಂದು ಮಗಳನ್ನು ಕರೆದೆ. ಮೂರ್ನಾಲ್ಕು ಸಲ ಕೂಗಿದ ಮೇಲೆ, ಕಿವಿಯಿಂದ ಇಯರ್‌ಫೋನ್ ತೆಗೆದು ಗೊಣಗುತ್ತಾ ಬಂದಳು. ಇದರಲ್ಲಿ ಎಂತ ಭಾರ ಉಂಟು ಎನ್ನುತ್ತಾ ಬುಟ್ಟಿಯ ಆಚೆ ಅಂಚು ಹಿಡಿದು ಮುಖ ಎತ್ತಿದಳು. ಹಾಗೇ ನಿಂತಳು.

“ಅಮ್ಮ, ಅತ್ತದ್ದಾ ನೀನು?”

“ದೊಡ್ಡಮ್ಮನ ನೆನಪಾಯ್ತು,” ಎಂದೆ.

ಅವಳು ಬುಟ್ಟಿಯನ್ನು ಕೆಳಗಿಡಲಿಲ್ಲ. ನನ್ನನ್ನೇ ನೋಡುತ್ತಾ, “ಯಾವ ದೊಡ್ಡಮ್ಮ?” ಎಂದು ಕೇಳಿದಳು.